ಅಂತರ್ಜಾಲದಲ್ಲಿ ಪಹಣಿಯನ್ನು ಹುಡುಕುವ ಕ್ರಮ

ಅಂತರ್ಜಾಲದಲ್ಲಿ ವಿಷಯವನ್ನು ತಿಳಿಯುವುದಕ್ಕೆ ಎರಡು ಮಾರ್ಗಗಳುಂಟು. ಬೇಕಾದ ಹೆಸರನ್ನು ಬರೆದು ಹುಡುಕುವುದು ಒಂದು. ವಿಭಾಗಗಳನ್ನು ಒಂದೊಂದಾಗಿ ತೆರೆಯುತ್ತ ಒಳಹೋಗುವುದು ಮತ್ತೊಂದು.

ಶಿವನಸಮುದ್ರವೆಂದು ಬರೆದು ಹುಡುಕಿದರೆ ಗಗನಚುಕ್ಕಿ, ಭರಚುಕ್ಕಿಗಳ ವರ್ಣನೆಯೂ, 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುಚ್ಛಕ್ತಿಯನ್ನು ಕಳುಹಿಸಿದ ಕೇಂದ್ರದ ವೃತ್ತಾಂತವೂ ದೊರೆಯುವುವು. ಜಮೀನಿನ ಪಹಣಿಯು ದೊರೆಯದು.

ಪಹಣಿಗೆ ಎರಡನೆಯ ಮಾರ್ಗವೇ ತಕ್ಕದ್ದು. ಕಂದಾಯ ಇಲಾಖೆಯ ‘ಭೂಮಿ’ ತಾಣದಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು, ಹಿಸ್ಸಾ ನಂಬರು, ಇವುಗಳನ್ನು ಕ್ರಮವಾಗಿ ಆರಿಸತಕ್ಕದ್ದು. ಮೊದಲ ಮೆಟ್ಟಿಲಿನಲ್ಲಿ ತಪ್ಪಿದರೆ ಮುಂದಿನ ಶ್ರಮವೆಲ್ಲ ವ್ಯರ್ಥ. ಗಗನಚುಕ್ಕಿಯ ಕಡೆಯ ದಡವು ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿಗೂ, ಭರಚುಕ್ಕಿಯ ಕಡೆಯು ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕಿಗೂ ಸೇರಿರುವುದು. ಆದಕಾರಣ ಜಮೀನು ನದಿಯ ಯಾವ ಕಡೆಗಿದೆಯೆಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಬೇಕು.

ಹಿಸ್ಸಾ ನಂಬರು ತಪ್ಪಿದಲ್ಲಿ ದಾಯಾದಿಯ ಪಾಲನ್ನೇ ತನ್ನದೆಂದು ಭ್ರಮಿಸುವ ಅಪಾಯವುಂಟು. ಪಹಣಿಯು ಕಂಡೊಡನೆ ತೃಪ್ತರಾಗದೆ ಖಾತೆದಾರನ ಹೆಸರು, ವಿಸ್ತೀರ್ಣ, ಋಣಗಳ ಕಲಮು, ಈ ಮೂರನ್ನೂ ಹಳೆಯ ಪಹಣಿಯೊಡನೆ ಹೋಲಿಸಿ ನೋಡತಕ್ಕದ್ದು. ಜಮೀನನ್ನು ಕೊಳ್ಳುವವರು ಋಣದ ಕಲಮನ್ನು ಓದದೆ ಮುಂಗಡ ಹಣ ಕೊಡಬಾರದು.

ಉಚಿತವಾಗಿ ಕಾಣುವ ಪ್ರತಿಯು ತಿಳಿವಳಿಕೆಗೆ ಮಾತ್ರ. ಸಾಲಕ್ಕೂ ವ್ಯಾಜ್ಯಕ್ಕೂ ಶುಲ್ಕ ತೆತ್ತು ಪಡೆದ ಅಧಿಕೃತ ಪ್ರತಿಯೇ ಬೇಕು. ಗ್ರಾಮದ ಮುಖಂಡರು ಇದನ್ನು ಓದುಬಾರದ ರೈತರಿಗೆ ತಿಳಿಯಹೇಳುವುದು ಉಚಿತವು.