ಮಳೆ ನೋಡಿಕೊಂಡು ಕಾಡಿಗೆ ಹೋಗು, ಕೋವಿ ಬಿಟ್ಟು ಹೋಗು

ತಮ್ಮಾ, ಗೆಳೆಯರ ಜೊತೆ ಶಿಕಾರಿಗೆ ಹೋಗಲು ಯಾವ ದಿನ ಮಳೆ ಬಿಡುವು ಕೊಡುತ್ತೆ ಅಂತ ಮೊಬೈಲಿನಲ್ಲಿ ಹವಾಮಾನ ನೋಡುತ್ತಿರುತ್ತೀಯಂತೆ. ನೋಡುವ ಅಭ್ಯಾಸ ಒಳ್ಳೆಯದು, ಬಿಡಬೇಡ. ಶಿಕಾರಿ ಬಿಡು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ. ಕಾಯ್ದೆ ಹಾಗಿರಲಿ, ನಮ್ಮ ಸೀಮೆಯಲ್ಲಿ ಉಳಿದಿರುವ ಕಾಡಾದರೂ ಎಷ್ಟು ಹೇಳು?

ಅದೇ ಮುನ್ಸೂಚನೆ ನೋಡಿಕೊಂಡು, ಪ್ರಾಣಿ ನೋಡಲು ಜಗಳೂರು ಕಡೆ ಹೋಗು. ಅಲ್ಲಿನ ರಂಗಯ್ಯನದುರ್ಗದ ಕುರುಚಲು ಕಾಡು 2011ರಿಂದ ಕೊಂಡುಕುರಿ ವನ್ಯಧಾಮ. ಭಾರತ, ನೇಪಾಳ ಬಿಟ್ಟರೆ ಕೊಂಡುಕುರಿ ಬೇರೆ ಯಾವ ದೇಶದ ಕಾಡಿನಲ್ಲೂ ಇಲ್ಲ. ಗಂಡಿಗೆ ಮಾತ್ರ ನಾಲ್ಕು ಕೊಂಬು: ಕಿವಿಗಳ ನಡುವೆ ಒಂದು ಜೋಡಿ, ಹಣೆಯ ಮೇಲೆ ಚಿಕ್ಕದೊಂದು ಜೋಡಿ. ಇದನ್ನು ಕೊಂದವರಿಗೆ ಕನಿಷ್ಠ 3 ವರ್ಷ, ಹೆಚ್ಚೆಂದರೆ 7 ವರ್ಷ ಜೈಲು.

ಬಲು ಪುಕ್ಕಲು ಪ್ರಾಣಿ, ಹಿಂಡು ಕಟ್ಟುವುದಿಲ್ಲ, ನೀರು ಬಿಟ್ಟು ದೂರ ಹೋಗುವುದಿಲ್ಲ. ಬೇಸಿಗೆಯಲ್ಲಿ ಒಂದು ಅಡ್ಡಮಳೆ ಬಿದ್ದರೂ ಹಳ್ಳದ ಗುಂಡಿಗಳಲ್ಲೆಲ್ಲ ನೀರು ನಿಂತು, ಕೊಂಡುಕುರಿ ಎಲ್ಲೋ ಕುಡಿದು ಮರೆಯಾಗುತ್ತದೆ. ಅದಕ್ಕೇ ನಾಲ್ಕೈದು ದಿನ ಮಳೆಯಿಲ್ಲದೆ ಒಣಗಿದ ಮೇಲೆ, ನಸುಕಿನಲ್ಲೇ ಹೋಗು. ಗಾಳಿ ಯಾವ ದಿಕ್ಕಿನಿಂದ ಅಂತಲೂ ಮೊಬೈಲಿನಲ್ಲಿ ಬರುತ್ತದಲ್ಲ, ಅದನ್ನೂ ನೋಡು. ಗಾಳಿ ನಿನ್ನ ಮುಖಕ್ಕೆ ಬೀಸುತ್ತಿರಬೇಕು. ಬೆನ್ನಿಗೆ ಬೀಸಿದರೆ ನೀನು ಕಾಣುವ ಮೊದಲೇ ನಿನ್ನ ವಾಸನೆ ಅದಕ್ಕೆ ಮುಟ್ಟಿರುತ್ತದೆ.

ದಾವಣಗೆರೆ ಜಿಲ್ಲೆಗೆ ಮಳೆ ಅಂತ ಬಂದರೆ ಎಲ್ಲ ತಾಲ್ಲೂಕಿಗೂ ಅಂತ ತಿಳಿಯಬೇಡ. ಚನ್ನಗಿರಿ, ನ್ಯಾಮತಿ ಮಲೆನಾಡಿನ ಸೆರಗು. ಜಗಳೂರು ಒಣ ಬಯಲು. ಹೊನ್ನಾಳಿಯಲ್ಲಿ ತುಂಗಭದ್ರೆ ದಡ ಮುಟ್ಟಿ ಹರಿಯುವಾಗಲೂ ಜಗಳೂರಿನವರು ಮೋಡ ನೋಡುತ್ತಾ ಕೂತಿರುತ್ತಾರೆ. ಮುನ್ಸೂಚನೆಯಲ್ಲಿ 'ಒಂದೆರಡು ಕಡೆ ಮಳೆ' ಅಂದರೆ ಮಳೆಮಾಪನ ಕೇಂದ್ರಗಳಲ್ಲಿ ನೂರಕ್ಕೆ 25ಕ್ಕಿಂತ ಹೆಚ್ಚು ಕಡೆ ಬೀಳಲಿಕ್ಕಿಲ್ಲ ಅಂತ ಲೆಕ್ಕ. ನಿನಗೆ ಬೇಕಾದ ಹೋಬಳಿಯದ್ದೇ ಬೇಕೆಂದರೆ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ವರುಣಮಿತ್ರ ಸಹಾಯವಾಣಿಗೆ ಫೋನ್ ಮಾಡಿ ಕೇಳು. ಬೀಜ ಬಿತ್ತುವವರು ಕೇಳುವುದೂ ಅದನ್ನೇ.

ಸಿಡಿಲಿನ ವಿಷಯದಲ್ಲಿ ಮಾತ್ರ ಉಡಾಫೆ ಬೇಡ. ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ ಆಕಾಶ ಶುಭ್ರವಾಗಿದ್ದರೂ ಮಧ್ಯಾಹ್ನ ಮೂರರ ಮೇಲೆ ಮೋಡ ಕಟ್ಟಿ ಗುಡುಗುತ್ತದೆ. 'ದಾಮಿನಿ' ಆ್ಯಪ್ ಹಾಕಿಕೊಂಡಿರು, ಹತ್ತಿರದಲ್ಲಿ ಸಿಡಿಲಿದ್ದರೆ ಎಚ್ಚರಿಸುತ್ತದೆ. ಮೋಡ ಕಂಡರೆ ಮರದಡಿ ನಿಲ್ಲಬೇಡ, ಹೊರಟುಬಿಡು.

ಮೊದಲ ಸಲಕ್ಕೇ ಕೊಂಡುಕುರಿ ಕಾಣದೆ ಹೋದೀತು. ಅದು ಮತ್ತೆ ಮತ್ತೆ ಒಂದೇ ಜಾಗಕ್ಕೆ ಬಂದು ಹಿಕ್ಕೆ ಹಾಕುತ್ತದೆ. ಹಳೆಯದರ ಮೇಲೆ ಹಸಿ ಹಿಕ್ಕೆ ಕಂಡರೆ ಆಸುಪಾಸಿನಲ್ಲೇ ಇದೆ ಅಂತ ತಿಳಿ. ಅರಣ್ಯ ಇಲಾಖೆಯ ಅನುಮತಿ ಪಡೆದೇ ಒಳಗೆ ಕಾಲಿಡು. ನಾಯಿಯನ್ನು ಮನೆಯಲ್ಲೇ ಕಟ್ಟಿ ಹೋಗು.