ಸೈನ್ಯ ಹಾದುಹೋದ ಹಾದಿಯ ಹೆಂಗಸರು

ಯುದ್ಧ, ಸೈನ್ಯ, ದೇಶದ ಭದ್ರತೆಯ ನಿರ್ಧಾರಗಳು ಹೆಂಗಸರ ಬದುಕನ್ನು ಹೇಗೆ ತಟ್ಟುತ್ತವೆ ಎಂಬುದನ್ನೇ ಓದುತ್ತ, ಪಾಠ ಹೇಳುತ್ತ ಬಂದವಳು ನಾನು. ಸ್ತ್ರೀವಾದಿ ವಿದ್ವಾಂಸೆ ಸಿಂಥಿಯಾ ಎನ್‌ಲೋ 1989ರಲ್ಲಿ ಬರೆದ ಪುಸ್ತಕ ಈ ಅಧ್ಯಯನಕ್ಕೆ ಬುನಾದಿ. ಸೇನಾ ನೆಲೆಗಳೂ ರಾಯಭಾರ ಕಚೇರಿಗಳೂ ಹೆಂಗಸರ ದುಡಿಮೆಯ ಮೇಲೆ ನಿಂತಿವೆ ಎಂದು ಅವರು ತೋರಿಸಿಕೊಟ್ಟರು. ಆ ಓದು ನನ್ನ ಮೈಗೆ ಹತ್ತಿದ್ದು ಮಾತ್ರ ಬೀದರ್ ಜಿಲ್ಲೆಯ ದುಬಲಗುಂಡಿಯಲ್ಲಿ, ನಿಜಾಮನ ಪರ ನಿಂತ ರಜಾಕಾರರ ಕಾಲ ಕಂಡ ಮುದುಕಿಯರ ಪಕ್ಕ ಕೂತಾಗ.

ಪಠ್ಯಪುಸ್ತಕದಲ್ಲಿ, ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿದ್ದ ನಮ್ಮ ಸೀಮೆಯ ಕಥೆ ಐದು ದಿನದ್ದು. 1948ರ ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಸೊಲ್ಲಾಪುರದ ಕಡೆಯಿಂದ ನಳದುರ್ಗಕ್ಕೆ ನುಗ್ಗಿತು, ಉಮರ್ಗಾ, ಹುಮನಾಬಾದ್ ಹಾದಿಯಲ್ಲಿ ಹೈದರಾಬಾದಿನತ್ತ ಸಾಗಿತು, 17ಕ್ಕೆ ನಿಜಾಮ ಕದನವಿರಾಮ ಸಾರಿದ. ಹೆಂಗಸರ ಲೆಕ್ಕದಲ್ಲಿ ಅದು ಐದು ದಿನಕ್ಕೆ ಮುಗಿಯುವುದಿಲ್ಲ. ಅದೇ ವರ್ಷದ ಮೇ ತಿಂಗಳಲ್ಲಿ ಬಸವಕಲ್ಯಾಣ ಸೀಮೆಯ ಗೋರ್ಟಾದಲ್ಲಿ ರಜಾಕಾರರು ನಡೆಸಿದ ಹತ್ಯಾಕಾಂಡದ ನಂತರ ಎಷ್ಟೋ ಸಂಸಾರಗಳು ಮಕ್ಕಳನ್ನು ಕಟ್ಟಿಕೊಂಡು ಸಂಸ್ಥಾನದ ಗಡಿ ದಾಟಿದವು. ಸೆಪ್ಟೆಂಬರ್ 17ರ ನಂತರ ಹಿಂಸೆಗೆ ಸಿಕ್ಕುವ ಸರದಿ ಮುಸ್ಲಿಂ ಹೆಂಗಸರಿಗೆ ಬಂತು.

ಇದಕ್ಕೆ ದಾಖಲೆಯಿದೆ. ನೆಹರೂ ಕಳಿಸಿದ ಪಂಡಿತ ಸುಂದರಲಾಲ್ ಸಮಿತಿ 1948ರ ಕೊನೆಗೆ ಇಲ್ಲೆಲ್ಲ ತಿರುಗಿ, ಸತ್ತವರು 27,000ದಿಂದ 40,000 ಎಂದು ಅಂದಾಜು ಮಾಡಿತು. ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಬೀದರ್, ಕಲಬುರಗಿ ಎರಡೂ ಇದ್ದವು. ಅತ್ಯಾಚಾರ, ಹೆಂಗಸರ ಅಪಹರಣ, ಕೆಲವೆಡೆ ಸೈನಿಕರೂ ಪೊಲೀಸರೂ ಲೂಟಿಯಲ್ಲಿ ಕೈಜೋಡಿಸಿದ್ದು ಎಲ್ಲವನ್ನೂ ಅದು ಬರೆದಿಟ್ಟಿತು. ಆ ವರದಿ ದಶಕಗಳ ಕಾಲ ಜನರ ಕೈಗೆ ಸಿಗಲಿಲ್ಲ. ಭದ್ರತೆಯ ಹೆಸರಲ್ಲಿ ಕಡತ ಮುಚ್ಚಿದಾಗ ಮೊದಲು ಕಳೆದುಹೋಗುವುದು ಹೆಂಗಸರ ಸಾಕ್ಷ್ಯ ಎಂದು ನಾನು ಖಚಿತವಾಗಿ ನಂಬುತ್ತೇನೆ.

ಗೋರ್ಟಾದ ಬಗ್ಗೆ ಬರೆದರೆ ಒಂದು ಕಡೆಯವರು ಮೆಚ್ಚುತ್ತಾರೆ, ಸುಂದರಲಾಲ್ ವರದಿಯ ಬಗ್ಗೆ ಬರೆದರೆ ಇನ್ನೊಂದು ಕಡೆಯವರು. ಎರಡನ್ನೂ ಒಂದೇ ಲೇಖನದಲ್ಲಿ ಬರೆದರೆ ಇಬ್ಬರಿಗೂ ಸಿಟ್ಟು. ಆದರೂ ಎರಡನ್ನೂ ಬರೆಯಲೇಬೇಕು. ಭದ್ರತಾ ತಜ್ಞರ ಗೋಷ್ಠಿಯೊಂದರಲ್ಲಿ, ಇದು ಹೆಂಗಸರ ವಿಷಯ, ಇದರಲ್ಲಿ ಭದ್ರತೆ ಎಲ್ಲಿದೆ ಎಂದು ನನ್ನನ್ನು ಕೇಳಿದರು. ಯಾರ ಭದ್ರತೆ ಎಂದು ನಾನು ತಿರುಗಿ ಕೇಳಿದೆ. ಇಂದಿಗೂ ಅದೇ ನನ್ನ ಪ್ರಶ್ನೆ.

ಮುದುಕಿಯರನ್ನು ಕೇಳುವ ರೀತಿಯನ್ನೂ ದುಬಲಗುಂಡಿಯೇ ಕಲಿಸಿತು. ಗಂಡುಮಕ್ಕಳು ಎದುರಿಗೆ ಕೂತಿದ್ದರೆ ಮುದುಕಿ ಮಗನ ಮುಖ ನೋಡಿ ಮಾತಾಡುತ್ತಾಳೆ. ನಿಮಗೇನಾಯಿತು ಎಂದು ನೇರ ಕೇಳಿದರೆ ಏನಿಲ್ಲವ್ವಾ ಎಂದುಬಿಡುತ್ತಾಳೆ. "ಆಯಿ, ಆಗ ಜ್ವಾಳ ಎಲ್ಲಿ ಮುಚ್ಚಿಟ್ಟಿದ್ರಿ? ರಾತ್ರಿ ದೀಪ ಹಚ್ತಿದ್ರೇನು?" ಎಂದರೆ ಮಾತು ತಾನಾಗಿ ಬರುತ್ತದೆ. ಬಾರದಿದ್ದರೆ ಬಿಡಬೇಕು. ಪ್ರಬಂಧಕ್ಕಾಗಿ ಹಳೆಯ ಗಾಯ ಕೆದಕುವ ಹಕ್ಕು ಯಾವ ಸಂಶೋಧಕರಿಗೂ ಇಲ್ಲ.

1948ರಲ್ಲಿ ಹತ್ತು ವರ್ಷದವರಾಗಿದ್ದವರಿಗೆ ಈಗ ತೊಂಬತ್ತರ ಹತ್ತಿರ. ಗುಲ್ಬರ್ಗಾ ವಿಶ್ವವಿದ್ಯಾಲಯದಲ್ಲಿ, ವಿಜಯಪುರದ ಮಹಿಳಾ ವಿಶ್ವವಿದ್ಯಾಲಯದಲ್ಲಿ ಓದುತ್ತಿರುವ ಹೆಣ್ಣುಮಕ್ಕಳೇ, ದಿಲ್ಲಿಯ ಕಡತ ಆಮೇಲೆ ನೋಡಿದರಾಯಿತು. ಈ ರಜೆಯಲ್ಲಿ ನಿಮ್ಮೂರಿನ ಆಯಿಯರ, ಖಾಲಾಗಳ ಮಾತನ್ನು ಅವರ ಒಪ್ಪಿಗೆ ಪಡೆದು, ಹೆಸರು ಮರೆಮಾಡಿ ಬರೆದಿಡಿ.