ಗರ್ಭಿಣಿಯರಿಗೆ ಕ್ಯಾಲ್ಸಿಯಂ: ಮೂರು ಮಾತ್ರೆಯೋ, ಒಂದೋ?

ಪ್ರಿಎಕ್ಲಾಂಪ್ಸಿಯಾ ಎಂದರೆ ಗರ್ಭಧಾರಣೆಯ 20 ವಾರಗಳ ನಂತರ ರಕ್ತದೊತ್ತಡ ಏರಿ, ಸಾಮಾನ್ಯವಾಗಿ ಮೂತ್ರದಲ್ಲಿ ಪ್ರೋಟೀನ್ ಕಾಣುವ ಸ್ಥಿತಿ. ಆಹಾರದಲ್ಲಿ ಕ್ಯಾಲ್ಸಿಯಂ ಕಡಿಮೆ ಇರುವ ಕಡೆ ದಿನಕ್ಕೆ 1.5–2 ಗ್ರಾಂ ಕ್ಯಾಲ್ಸಿಯಂ ಕೊಡಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ 500 ಮಿ.ಗ್ರಾಂನ ಕನಿಷ್ಠ ಮೂರು ದಪ್ಪ ಮಾತ್ರೆ. ನುಂಗುವವರಿಗೇ ಗೊತ್ತು ಆ ಕಷ್ಟ!

ಒಂದೇ ಮಾತ್ರೆ ಸಾಕೇ? ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ ಹಾಗೂ ತಾಂಜಾನಿಯಾದ ಸಂಶೋಧಕರು ತಲಾ 11,000 ಚೊಚ್ಚಲ ಗರ್ಭಿಣಿಯರಲ್ಲಿ ಪರೀಕ್ಷಿಸಿದರು. ಫಲಿತಾಂಶ 2024ರ ಜನವರಿಯಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್'ನಲ್ಲಿ ಬಂತು. ಭಾರತದಲ್ಲಿ ಪ್ರಿಎಕ್ಲಾಂಪ್ಸಿಯಾ 500 ಮಿ.ಗ್ರಾಂ ಗುಂಪಿನಲ್ಲಿ ಶೇ 3.0, 1,500 ಮಿ.ಗ್ರಾಂ ಗುಂಪಿನಲ್ಲಿ ಶೇ 3.6; ತಾಂಜಾನಿಯಾದಲ್ಲಿ ಶೇ 3.0 ಮತ್ತು 2.7. ಸ್ಪರ್ಧಾತ್ಮಕ ಪರೀಕ್ಷೆಯ ಅಭ್ಯರ್ಥಿಗಳು ಎಡವುವುದು ಇಲ್ಲೇ: 'ಕಡಿಮೆ ಡೋಸ್ ಹೆಚ್ಚು ಪರಿಣಾಮಕಾರಿ' ಎಂಬ ಆಯ್ಕೆ ತಪ್ಪು, 'ಹೆಚ್ಚಿನ ಡೋಸ್‌ಗಿಂತ ಕಳಪೆಯಲ್ಲ' ಎಂಬುದು ಸರಿ. ಅವಧಿಪೂರ್ವ ಹೆರಿಗೆಯ ವಿಷಯದಲ್ಲಿ ಭಾರತದಲ್ಲಷ್ಟೇ ಈ ಮಾತು ನಿಂತಿತು.

ಭಾರತದ 2014ರ ಮಾರ್ಗಸೂಚಿಯಲ್ಲಿ ದಿನಕ್ಕೆ ಎರಡು ಮಾತ್ರೆ, ಊಟದ ಜೊತೆ. ರಾಯಚೂರು ತಾಲ್ಲೂಕಿನ ಗಿಲ್ಲೆಸುಗೂರಿನ ಗರ್ಭಿಣಿಗೂ ಇದೇ ನಿಯಮ; ಜೊತೆಗೆ, ಕಬ್ಬಿಣಾಂಶದ ಮಾತ್ರೆಯನ್ನು ಕ್ಯಾಲ್ಸಿಯಂ ಮಾತ್ರೆಯೊಂದಿಗೆ ನುಂಗಬಾರದು, ಕ್ಯಾಲ್ಸಿಯಂ ಕಬ್ಬಿಣದ ಹೀರಿಕೆಯನ್ನು ತಗ್ಗಿಸುತ್ತದೆ.